ನೆರೆ ಇಳಿದ ಮೇಲೆ ಸಾಯುವ ತೊಗರಿ

2025ರ ಸೆಪ್ಟೆಂಬರ್ ಕೊನೆಯಲ್ಲಿ ಮಹಾರಾಷ್ಟ್ರದ ಉಜನಿ ಜಲಾಶಯದ ನೀರಿನ ಜೊತೆಗೆ ಸೀನಾ ನದಿಯ ನೆರೆಯೂ ಸೇರಿ ಭೀಮಾ ಉಕ್ಕಿತು. ಕರ್ನಾಟಕದ ಇಂಡಿ, ಸಿಂದಗಿ ಕಡೆಯ ಹೊಲಗಳಿಗೆ ನೀರು ನುಗ್ಗಿತು. ಇಂಥ ನೆರೆ ಇಳಿದಾಗ ತೊಗರಿ ಎಷ್ಟೋ ಕಡೆ ಹಸಿರಾಗಿಯೇ ನಿಂತಿರುತ್ತದೆ. ಒಣಗುವುದು ಆಮೇಲೆ.

ಕಾರಣ ಎರೆಮಣ್ಣು. ಅದರ ಸೂಕ್ಷ್ಮ ಜೇಡಿಕಣಗಳು ನೀರು ಹೀರಿ ಉಬ್ಬಿ, ಮಣ್ಣಿನೊಳಗಿನ ಸಂದುಗಳನ್ನು ಮುಚ್ಚಿಬಿಡುತ್ತವೆ. ಮೇಲಿನ ನೀರು ಹರಿದುಹೋದರೂ ಬೇರಿಗೆ ಗಾಳಿ ಸಿಗದು. ಉಸಿರುಗಟ್ಟಿದ ಬೇರು ನೀರೆಳೆಯುವುದನ್ನು ನಿಲ್ಲಿಸುತ್ತದೆ. ತೇವದಲ್ಲೇ ನಿಂತ ಗಿಡ ಬಾಡುತ್ತದೆ. ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯ ಡೋಣಿ ನದಿಯ ದಂಡೆಯಲ್ಲೂ ಇದೇ ಕಥೆ.

ಹಾಗಾಗಿ ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಗಳ ಜಂಟಿ ಸಮೀಕ್ಷೆ ಯಾವ ದಿನ ಹೊಲಕ್ಕೆ ಬಂತು ಎಂಬುದರ ಮೇಲೆ ಹಾನಿಯ ಅಂಕಿ ಬದಲಾಗುತ್ತದೆ. ಬೇಗ ಬಂದರೆ ಸಾಯಲಿರುವ ಬೆಳೆ ಬದುಕಿದ ಲೆಕ್ಕಕ್ಕೆ ಸೇರುತ್ತದೆ. ತಡವಾದರೆ ರೈತ ಹಿಂಗಾರಿ ಜೋಳಕ್ಕೆಂದು ಹೊಲ ಹರಗಿರುತ್ತಾನೆ. ಬಿತ್ತುವ ಹದ ಅಧಿಕಾರಿಗಾಗಿ ಕಾಯುವುದಿಲ್ಲವಲ್ಲ! 2025ರ ನೆರೆಯ ಹೊತ್ತಿಗಿದ್ದ ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಕನಿಷ್ಠ ಶೇ 33ರಷ್ಟು ಬೆಳೆ ಹಾಳಾಗಿರಬೇಕಿತ್ತು. ಆಗ ಮಳೆಯಾಶ್ರಿತ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರ್ ಮಿತಿಯಲ್ಲಿ. ಆ ವರ್ಷ ರಾಜ್ಯ ಸರ್ಕಾರ ಹೆಕ್ಟೇರಿಗೆ ಇನ್ನೂ 8,500 ಸೇರಿಸಿತು. ಕಣ್ಣಂದಾಜಿನಲ್ಲಿ ಶೇ 32 ಎಂದು ಬರೆದರೆ ಮಾತ್ರ ಸೊನ್ನೆ. ಒಂದೇ ಹೊಲವನ್ನು ಎರಡು ಸಲ ನೋಡುವುದು ತಾಲ್ಲೂಕಿನ ಯೋಜನೆಯಲ್ಲೇ ಇರಬೇಕು ಎನ್ನುವುದು ಇದಕ್ಕೇ.

ಉಪಗ್ರಹ ನೆರವಾಗದೆ? ಆಗುತ್ತದೆ, ಅರ್ಧದಷ್ಟು. ರೇಡಾರ್ ಅಲೆಗಳು ಮೋಡವನ್ನು ದಾಟಿ ಬರುತ್ತವೆ. ನಿಂತ ನೀರು ಅವನ್ನು ಆಚೆಗೆ ಚಿಮ್ಮಿಸುವುದರಿಂದ ಮುಳುಗಿದ ಜಾಗ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಆದರೆ ದಟ್ಟ ಬೆಳೆಯ ಬುಡದಲ್ಲಿರುವ ನೀರು ತಪ್ಪಿಸಿಕೊಳ್ಳಬಹುದು. ಉಪಗ್ರಹ ಮರಳುವಷ್ಟರಲ್ಲಿ ನೆರೆಯೇ ಇಳಿದಿರಬಹುದು. ಮಣ್ಣಿನ ಗೋಡೆಯ ಮನೆಗಳ ಬಿರುಕಂತೂ ಬಿಸಿಲು ಬಿದ್ದು ಒಣಗುವಾಗ ಅಗಲವಾಗುತ್ತದೆ, ಆಕಾಶದಿಂದ ಅದು ಕಾಣದು.

ಇನ್ನು ಇಂಡಿಯ ಲಿಂಬೆ. 2023ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬೆಳೆಯಿದು. ಗಿಡ ಕೊಳೆತು ಸತ್ತರೆ ಹೊಸದು ಫಲ ಕೊಡಲು ಮೂರು–ನಾಲ್ಕು ವರ್ಷ ಬೇಕು. ವಿಶ್ವಸಂಸ್ಥೆಯ ಲ್ಯಾಟಿನ್ ಅಮೆರಿಕ ಆಯೋಗ 1970ರ ದಶಕದಿಂದ ಬೆಳೆಸಿದ ಹಾನಿ ಅಂದಾಜಿನ ವಿಧಾನದಲ್ಲಿ ಸತ್ತ ಗಿಡದ ಬೆಲೆ ಒಂದು ಖಾನೆ, ಚೇತರಿಸಿಕೊಳ್ಳುವವರೆಗೆ ತಪ್ಪಿದ ಆದಾಯ ಇನ್ನೊಂದು ಖಾನೆ. 2025ರ ನಮ್ಮ ಪರಿಹಾರ ನಿಧಿಯ ದರಪಟ್ಟಿಯಲ್ಲಿ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500 ರೂಪಾಯಿ ಎಂಬ ಒಂದೇ ಸಾಲಿತ್ತು.

2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರತಿ ಜಿಲ್ಲೆಗೂ ಯೋಜನೆ ಇರಬೇಕೆನ್ನುತ್ತದೆ. ಸಮೀಕ್ಷೆಯ ಸಿದ್ಧತೆಯೂ ಅದರಲ್ಲಿ ಸೇರಲಿ. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ನೆರೆಗೆ ಮೊದಲೇ ತೆಗೆದ ಹೊಲದ ಚಿತ್ರ ಇದ್ದರೆ ಅರ್ಧ ಜಗಳ ತಪ್ಪುತ್ತದೆ. ಉಳಿದರ್ಧ ಲಾವಣಿಯದು, ಅಂದರೆ ಗೇಣಿಗೆ ಪಡೆದ ಹೊಲದ್ದು. ಬೀಜ, ಗೊಬ್ಬರಕ್ಕೆ ಸಾಲ ಮಾಡಿದವನು ಒಬ್ಬ, ಪಹಣಿಯಲ್ಲಿ ಹೆಸರಿರುವವನು ಇನ್ನೊಬ್ಬ. ಹಣ ಬೀಳುವುದು ಪಹಣಿದಾರನ ಖಾತೆಗೆ. 1974ರ ಭೂಸುಧಾರಣೆಯ ನಂತರ ಗೇಣಿಗೆ ನಿಷೇಧವಿರುವುದರಿಂದ ಲಾವಣಿ ಬಾಯಿಮಾತಿನಲ್ಲೇ ನಡೆಯುತ್ತದೆ. ಬರೆದುಕೊಟ್ಟರೆ ಹೊಲವೇ ಕೈತಪ್ಪೀತೆಂಬ ಅಂಜಿಕೆ ಮಾಲೀಕನಿಗೆ. ಭೂಮಿಯ ಹಕ್ಕಿಗೆ ಸಂಬಂಧವಿಲ್ಲದ, ಬೆಳೆಹಾನಿಗಷ್ಟೇ ಬಳಸುವ ಸಾಗುವಳಿದಾರರ ಪಟ್ಟಿಯೊಂದನ್ನು ಮುಂಗಾರಿಗೆ ಮುಂಚೆ ಗ್ರಾಮಸಭೆಯಲ್ಲಿ ಓದಿಸಬಹುದು. ಅದಕ್ಕೆ ಕಾನೂನಿನ ರಕ್ಷಣೆಯನ್ನು ಬೆಂಗಳೂರಿನಿಂದಲೇ ಕೊಡಬೇಕು.