ಊರು ಇದ್ದಲ್ಲೇ ಇದೆ, ಜಿಲ್ಲೆ ಬದಲಾಯಿತು!

2014ರ ನವೆಂಬರ್ 1ರಂದು ‘ಹಾಸ್ಪೆಟ್’ ಇಂಗ್ಲಿಷಿನಲ್ಲೂ ಹೊಸಪೇಟೆಯಾಯಿತು. ‘ಬೆಳ್ಳಾರಿ’ ಬಳ್ಳಾರಿಯಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿ, ಹೊಸಪೇಟೆ ಅದರ ಕೇಂದ್ರವಾಯಿತು. ಹಂಪಿ ಹೊಸ ಜಿಲ್ಲೆಗೆ ಬಂತು; ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಕಂಪ್ಲಿಯಾದರೋ ಒಂದು ಕಾಲಕ್ಕೆ ಹೊಸಪೇಟೆ ತಾಲ್ಲೂಕಿಗೇ ಸೇರಿದ್ದ ಊರು. ಹರಪನಹಳ್ಳಿಯ ಕಥೆ ಇನ್ನೂ ಸ್ವಾರಸ್ಯ: 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, ಈಗ ವಿಜಯನಗರದಲ್ಲಿದೆ.

ಜನ ಇದಕ್ಕೆಲ್ಲ ಬೇಗ ಹೊಂದಿಕೊಂಡರು. ಕಚೇರಿಯ ಕಂಪ್ಯೂಟರಿನ ಗತಿ ಏನು?

ಒಂದು ಕಾಲೇಜಿನಲ್ಲಿ ಎರಡು ಸಾವಿರ ವಿದ್ಯಾರ್ಥಿಗಳಿದ್ದಾರೆ ಎನ್ನೋಣ. ಪ್ರತಿಯೊಬ್ಬರ ಹೆಸರಿನ ಮುಂದೆ ಊರು, ತಾಲ್ಲೂಕು, ಜಿಲ್ಲೆ ಮೂರನ್ನೂ ಬರೆದಿಟ್ಟಿದ್ದಾರೆ. ಜಿಲ್ಲೆ ಬದಲಾದ ದಿನ ಗುಮಾಸ್ತರು ಕೂತು ನೂರಾರು ಸಾಲು ತಿದ್ದಬೇಕು. ನಾಲ್ಕು ಸಾಲು ಕಣ್ತಪ್ಪಿದರೆ ಕಮಲಾಪುರದ ಅಣ್ಣ ಬಳ್ಳಾರಿ ಜಿಲ್ಲೆಯವನು, ಅದೇ ಮನೆಯ ತಂಗಿ ವಿಜಯನಗರದವಳು! ವಿದ್ಯಾರ್ಥಿವೇತನದ ಪಟ್ಟಿ ಜಿಲ್ಲಾವಾರು ಹೊರಟಾಗ ಅಣ್ಣನ ಹೆಸರು ಯಾವ ಪಟ್ಟಿಯಲ್ಲಿ?

ಪದವಿ ತರಗತಿಗಳಲ್ಲಿ ಕಲಿಸುವ ‘ಡೇಟಾಬೇಸ್ ಮ್ಯಾನೇಜ್‌ಮೆಂಟ್ ಸಿಸ್ಟಮ್ಸ್’ ಎಂಬ ವಿಷಯದ ತಿರುಳು ಇರುವುದು ಈ ಎಡವಟ್ಟನ್ನು ತಪ್ಪಿಸುವುದರಲ್ಲಿ. ಹೊಸಪೇಟೆಯ ಪ್ರೌಢದೇವರಾಯ ತಾಂತ್ರಿಕ ಕಾಲೇಜು ಸೇರಿದಂತೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ಇದು ತಪ್ಪದ ವಿಷಯ. ಬಿಸಿಎ ಓದುವವರಿಗೂ ಅಷ್ಟೇ. ಮಕ್ಕಳು ಇದನ್ನು ನಾಲ್ಕಾರು ಆದೇಶಗಳ ಕಂಠಪಾಠ ಎಂದುಕೊಂಡು ಪರೀಕ್ಷೆ ದಾಟುತ್ತಾರೆ. ಪಾಲಕರು ‘ಇದರಿಂದ ಕೆಲಸ ಸಿಗುತ್ತದೆಯೇ’ ಎಂದಷ್ಟೇ ಕೇಳುತ್ತಾರೆ. ಸಂದರ್ಶನದಲ್ಲಿ ಅಡ್ಡ ಪ್ರಶ್ನೆ ಬಂದಾಗ ಕಂಠಪಾಠ ಕೈಕೊಡುತ್ತದೆ.

ಪರಿಹಾರ ಸರಳ. ವಿದ್ಯಾರ್ಥಿಯ ಸಾಲಿನಲ್ಲಿ ಊರನ್ನು ಮಾತ್ರ ಬರೆಯಿರಿ. ಊರು ಯಾವ ತಾಲ್ಲೂಕಿನದು ಎಂಬುದಕ್ಕೆ ಬೇರೊಂದು ಕೋಷ್ಟಕ. ತಾಲ್ಲೂಕು ಯಾವ ಜಿಲ್ಲೆಯದು ಎಂಬುದಕ್ಕೆ ಇನ್ನೊಂದು. ಆಗ ಹೊಸಪೇಟೆ ತಾಲ್ಲೂಕಿನ ಮುಂದಿನ ಒಂದೇ ಒಂದು ಮಾತನ್ನು ತಿದ್ದಿದರೆ ಕೆಲಸ ಮುಗಿಯಿತು. ಪುಸ್ತಕ ಇದನ್ನೇ ‘ನಾರ್ಮಲೈಸೇಷನ್’ ಎನ್ನುತ್ತದೆ. ವಿದ್ಯಾರ್ಥಿಗಳನ್ನು ಬೆಚ್ಚಿಬೀಳಿಸುವ ‘ಮೂರನೇ ನಾರ್ಮಲ್ ಫಾರ್ಮ್’ ಹೆಚ್ಚುಕಡಿಮೆ ಇಷ್ಟೇ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. 2010ರಲ್ಲಿ ಹೊಸಪೇಟೆಯಲ್ಲಿ ಕೊಟ್ಟ ಜನನ ಪ್ರಮಾಣಪತ್ರದಲ್ಲಿ ಬಳ್ಳಾರಿ ಜಿಲ್ಲೆ ಎಂದಿದ್ದರೆ ಅದು ತಪ್ಪೇ? ಖಂಡಿತ ಅಲ್ಲ, ಅಂದಿಗೆ ಅದೇ ಸರಿ. ಇಂದಿನ ಜಿಲ್ಲೆ ಬೇಕೋ, ಪತ್ರ ಕೊಟ್ಟ ದಿನದ ಜಿಲ್ಲೆ ಬೇಕೋ ಎಂಬುದನ್ನು ಯಂತ್ರ ಹೇಳದು. ವಿನ್ಯಾಸ ಮಾಡುವವನು ಮೊದಲೇ ಯೋಚಿಸಿರಬೇಕು. ಈ ವಿಷಯದಲ್ಲಿ ಬುದ್ಧಿಗೆ ಕೆಲಸವಿರುವುದು ಇಂಥ ಕಡೆಯೇ.

ಈ ಕೋಷ್ಟಕಗಳ ಲೆಕ್ಕಾಚಾರಕ್ಕೆ ಗಣಿತದ ಬುನಾದಿ ಹಾಕಿದವನು ಇಂಗ್ಲೆಂಡ್ ಮೂಲದ ಎಡ್ಗರ್ ಕಾಡ್. ಐಬಿಎಂ ಕಂಪನಿಯಲ್ಲಿದ್ದಾಗ 1970ರಲ್ಲಿ ಅವನು ಬರೆದ ಪ್ರಬಂಧವೇ ಮೂಲ. 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

ಮುಂದಿನ ಪಾಠ ‘ಕೀ’, ಅಂದರೆ ಗುರುತು. ತುಂಗಭದ್ರೆಯ ದಡದ ಊರುಗಳಲ್ಲಿ ಪಂಪಾಪತಿ, ವಿರೂಪಾಕ್ಷಪ್ಪ, ಹುಲಿಗೆಮ್ಮ ಎಂದು ಕೂಗಿದರೆ ಎಷ್ಟು ಮಂದಿ ತಿರುಗಿ ನೋಡುತ್ತಾರೋ! ಹೆಸರು ಗುರುತಾಗದು. ಪರೀಕ್ಷೆಯಲ್ಲಿ ನೋಂದಣಿ ಸಂಖ್ಯೆ ಕೊಡುವುದು ಅದಕ್ಕೇ.

ಪಹಣಿಯನ್ನು ಕೈಗೆತ್ತಿಕೊಂಡು ನೋಡಿ. ಸರ್ವೆ ನಂಬರ್ 45 ಎಂದರೆ ಸಾಲದು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಎಲ್ಲ ಕೂಡಿದರೇ ಒಂದು ಜಮೀನು ಗುರುತಾಗುವುದು. ಒಂದು ಪಹಣಿಯಲ್ಲಿ ಮೂವರು ಅಣ್ಣತಮ್ಮಂದಿರ ಹೆಸರು ಇರಬಹುದು, ಒಬ್ಬ ರೈತನಿಗೆ ನಾಲ್ಕು ಪಹಣಿಯೂ ಇರಬಹುದು. ರೈತರದೊಂದು ಕೋಷ್ಟಕ, ಜಮೀನಿನದೊಂದು, ಇಬ್ಬರ ನಂಟನ್ನು ಹೇಳುವುದಕ್ಕೆ ಮೂರನೆಯದು. ರೈತರ ಮನೆಯ ಮಕ್ಕಳಿಗೆ ಈ ಪಾಠ ಪಟ್ಟಣದವರಿಗಿಂತ ಬೇಗ ತಲೆಗೆ ಹತ್ತಬೇಕು.

ಈ ಕಾಗದವನ್ನೇ ಕಂಪ್ಯೂಟರಿಗೆ ಏರಿಸಿದ್ದು ಕರ್ನಾಟಕದ ‘ಭೂಮಿ’ ಯೋಜನೆ. ಅದಕ್ಕೆ ಮುಂಚೆ ಪಹಣಿ ಗ್ರಾಮಲೆಕ್ಕಿಗರ ಕೈಬರಹದಲ್ಲಿತ್ತು. ಪ್ರತಿ ಸಿಗುವುದು, ತಿದ್ದುಪಡಿಯಾಗುವುದು ಅವರು ಸಿಕ್ಕಾಗ, ಮನಸ್ಸು ಬಂದಾಗ. 2000ದ ಆಸುಪಾಸಿನಲ್ಲಿ 177 ತಾಲ್ಲೂಕುಗಳ ಸುಮಾರು 2 ಕೋಟಿ ದಾಖಲೆಗಳು, 67 ಲಕ್ಷ ರೈತರ ವಿವರ ಕಂಪ್ಯೂಟರಿಗೆ ಬಂದವು. ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ದೊರೆಯತೊಡಗಿತು. ಬದಲಾವಣೆ ಮಾಡುವ ನೌಕರರು ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕಿತ್ತು. ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಸಾಗಬೇಕಿತ್ತು. ಹಾಗೆಂದು ತಪ್ಪು ಹೆಸರು ತಾನಾಗಿ ಸರಿಹೋಗಲಿಲ್ಲ. ಕೈಬರಹದಲ್ಲಿದ್ದ ತಪ್ಪು ಕಂಪ್ಯೂಟರಿನಲ್ಲೂ ತಪ್ಪೇ, ಅಕ್ಷರ ಮಾತ್ರ ಅಂದ!

ಕಂಪ್ಲಿಯಲ್ಲಿ ಎರಡು ಎಕರೆ ಗದ್ದೆ ಮಾರಾಟವಾಯಿತು ಎನ್ನಿ. ಮಾರಿದವನ ಹೆಸರು ತೆಗೆಯಬೇಕು, ಕೊಂಡವನ ಹೆಸರು ಸೇರಿಸಬೇಕು. ತೆಗೆದು ಮುಗಿದ ಕ್ಷಣಕ್ಕೇ ಕರೆಂಟು ಹೋದರೆ? ಗದ್ದೆಗೆ ಒಡೆಯನೇ ಇಲ್ಲ! ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಇದಕ್ಕೆ ‘ಟ್ರಾನ್ಸಾಕ್ಷನ್’ ಎಂದು ಹೆಸರು. ಯಂತ್ರ ತಾನು ಮಾಡಹೊರಟಿದ್ದನ್ನು ಮೊದಲು ಒಂದು ದಿನಚರಿಯಲ್ಲಿ ಬರೆದುಕೊಳ್ಳುತ್ತದೆ. ಕರೆಂಟು ಬಂದ ಮೇಲೆ ಅದನ್ನು ಓದಿ, ಅರ್ಧಕ್ಕೆ ನಿಂತದ್ದನ್ನು ಅಳಿಸಿಹಾಕುತ್ತದೆ.

ಇನ್ನು ಸಂಡೂರಿನ ಅದಿರು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು ಗಣಿಗಾರಿಕೆಯ ಬಗ್ಗೆ ಕೊಟ್ಟ ವರದಿಯಲ್ಲಿ, 2006ರಿಂದ 2010ರವರೆಗೆ ಸುಮಾರು 2.98 ಕೋಟಿ ಟನ್ ಅದಿರು ಅಕ್ರಮವಾಗಿ ರಫ್ತಾಯಿತು ಎಂಬ ಲೆಕ್ಕವಿತ್ತು. ಇಂಥ ಲೆಕ್ಕದ ಹಿಂದಿನ ಉಪಾಯ ಪಠ್ಯಪುಸ್ತಕದಲ್ಲೇ ಇದೆ. ಇಲಾಖೆ ಕೊಟ್ಟ ಪರ್ಮಿಟ್ಟುಗಳು ಒಂದು ಕೋಷ್ಟಕ, ಬಂದರಿನಿಂದ ಹೊರಟ ಅದಿರು ಇನ್ನೊಂದು. ಎರಡನ್ನೂ ಜೋಡಿಸಿದರೆ ಅದು ‘ಜಾಯಿನ್’. ಜೋಡಿ ಸಿಗದೆ ಉಳಿದದ್ದು ಎಲ್ಲಿಂದ ಬಂತು ಎಂದು ಕೇಳಬಹುದು. ಪರೀಕ್ಷೆಯಲ್ಲಿ ಇದಕ್ಕೆ ಐದು ಅಂಕವೋ ಹತ್ತು ಅಂಕವೋ!

ಕಲಿಯಲು ಖರ್ಚು ಹೆಚ್ಚಿಲ್ಲ. ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್ ಎಂಬ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತವೆ. ಆದರೆ ಅದನ್ನು ತೆರೆಯುವ ಮುಂಚೆ ಒಂದು ಬಿಳಿ ಹಾಳೆಯ ಮೇಲೆ ಮನೆಯ ಪಹಣಿಯನ್ನೋ, ಬೀದಿ ಕೊನೆಯ ಕಿರಾಣಿ ಅಂಗಡಿಯ ಉದ್ದರಿ ಪುಸ್ತಕವನ್ನೋ ಕೋಷ್ಟಕಗಳಾಗಿ ಬಿಡಿಸಿ ನೋಡುವುದು ಒಳ್ಳೆಯದು. ಒಂದೇ ಮಾತು ಎರಡು ಕಡೆ ಕಂಡರೆ ಅಲ್ಲಿ ಪೆನ್ಸಿಲ್ ನಿಲ್ಲಲಿ.