ಹೆಸರಿಲ್ಲದ ಚಿತ್ರ, ಹೆಸರಿರುವ ರಾಜಕುಮಾರಿ

ಮಿಲ್ಪಿಟಾಸಿನ ನಮ್ಮ ಮನೆಗೆ ಸಮೀಪದಲ್ಲೇ, ಸ್ಯಾನ್ ಹೊಸೆಯ ಬೆರಿಯೆಸ್ಸಾ ರಸ್ತೆಯಲ್ಲಿ, ಹಳೆಯ ಸಾಮಾನುಗಳ ಸಂತೆ ಸೇರುತ್ತದೆ. ಒಂದು ಭಾನುವಾರ ಅಲ್ಲಿನ ರಟ್ಟಿನ ಪೆಟ್ಟಿಗೆಯೊಂದರಲ್ಲಿ ಅಂಗೈಯಗಲದ ಛಾಯಾಚಿತ್ರವೊಂದು ಕಣ್ಣಿಗೆ ಬಿತ್ತು. ರೇಷ್ಮೆಯ ನಿಲುವಂಗಿ, ಕತ್ತಿನವರೆಗೆ ಕಸೂತಿ, ನಗುವಿಲ್ಲದ ಮುಖ. ಬೆನ್ನಿಗೆ ಲಂಡನ್ನಿನ ಚಿತ್ರಾಲಯವೊಂದರ ಮುದ್ರೆಯಿತ್ತೇ ಹೊರತು ಆಕೆಯ ಹೆಸರಿರಲಿಲ್ಲ. "ವಿಕ್ಟೋರಿಯಾ ಕಾಲದ ಯಾರೋ ದೊಡ್ಡ ಮನೆತನದಾಕೆ" ಎಂದ ಮಾರುವವ, ಐದು ಡಾಲರ್ ಕೇಳಿದ.

1854ರಲ್ಲಿ ಪ್ಯಾರಿಸ್ಸಿನ ದಿಸ್ದೆರಿ ಇಂಥ ಪುಟ್ಟ ಚಿತ್ರಗಳಿಗೆ ಹಕ್ಕುಪತ್ರ ಪಡೆದ ಬಳಿಕ ಶ್ರೀಮಂತರು ಇವನ್ನು ಪರಸ್ಪರ ಹಂಚಿಕೊಳ್ಳುವುದು ವಾಡಿಕೆಯಾಯಿತು. ಅವನ್ನು ಮುದ್ರಿಸುತ್ತಿದ್ದುದು ಮೊಟ್ಟೆಯ ಬಿಳಿಲೋಳೆ ಲೇಪಿಸಿದ ಕಾಗದದ ಮೇಲೆ. (ಮಡಿವಂತೆಯಾಗಿದ್ದ ನನ್ನಜ್ಜಿಗೆ ಇದು ತಿಳಿದಿದ್ದರೆ ದೇವರ ಕೋಣೆಯ ಪಕ್ಕದ ಹಳೆಯ ಚಿತ್ರಗಳೆಲ್ಲ ಅಂದೇ ಕೆಳಗಿಳಿಯುತ್ತಿದ್ದವು.)

ಮಡಿಕೇರಿಯಲ್ಲಿ ಬೆಳೆದ ನನಗೆ ಆ ಮುಖ ನೋಡಿದೊಡನೆ ನೆನಪಾದದ್ದು ಗೌರಮ್ಮ. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಮಾಸ್ತಿಯವರ ಕಾದಂಬರಿಯಿಂದ ಬಲ್ಲವರು ಅನೇಕರು. ಅವನ ಮಗಳನ್ನು ಬಲ್ಲವರು ಕಡಿಮೆ. 1834ರಲ್ಲಿ ರಾಜ್ಯ ಕಳೆದುಕೊಂಡು ಕಾಶಿಯಲ್ಲಿದ್ದ ಅರಸ, ಕಂಪನಿಯಿಂದ ತನ್ನ ಹಣ ಮರಳಿ ಪಡೆಯುವ ಆಸೆಯಿಂದ 1852ರಲ್ಲಿ ಹನ್ನೊಂದರ ಬಾಲೆಯೊಡನೆ ಇಂಗ್ಲೆಂಡಿಗೆ ಹೋದ. ಆ ವರ್ಷವೇ ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು. ರಾಣಿ ವಿಕ್ಟೋರಿಯಾ ಧರ್ಮಮಾತೆಯಾಗಿ ತನ್ನ ಹೆಸರನ್ನೇ ಕೊಟ್ಟಳು. ಆಸ್ಥಾನದ ಕಲಾವಿದ ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ. ಮರೊಚೆಟ್ಟಿ ಅಮೃತಶಿಲೆಯಲ್ಲಿ ಅವಳ ಮುಖ ಕಡೆದ. ಆದರೆ ಹುಡುಗಿ ಬೆಳೆದದ್ದು ತಂದೆಯ ಬಳಿಯಲ್ಲಲ್ಲ, ಆಂಗ್ಲ ಪೋಷಕರ ಮನೆಯಲ್ಲಿ. 1859ರಲ್ಲಿ ತಂದೆ ಲಂಡನ್ನಿನಲ್ಲೇ ತೀರಿಕೊಂಡ. ಮರುವರ್ಷ ಕರ್ನಲ್ ಕ್ಯಾಂಪ್‌ಬೆಲ್‌ನೊಡನೆ ಮದುವೆ, ಬಳಿಕ ಒಂದು ಹೆಣ್ಣುಮಗು. 1864ರಲ್ಲಿ, ಇನ್ನೂ ಇಪ್ಪತ್ಮೂರು ತುಂಬುವ ಮೊದಲೇ, ಕ್ಷಯಕ್ಕೆ ಬಲಿಯಾದಳು. ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿಯಿದೆ.

ಅವಳ ತಾಯ್ನುಡಿ ಎಷ್ಟು ದಿನ ಬಾಯಲ್ಲಿ ಉಳಿದಿತ್ತೋ! ಇಲ್ಲಿ ಹುಟ್ಟಿದ ನನ್ನ ಮಗಳಿಗೂ ಅದೇ ಹನ್ನೊಂದು ವರ್ಷ. ಅವಳು ಸಂತೆಯ ಚಿತ್ರವನ್ನು ತಿರುಗಿಸಿ ನೋಡಿ, "ಹೆಸರು ಯಾಕೆ ಬರೆದಿಲ್ಲ?" ಎಂದಳು. ಗುರುತಿಸುವವರು ಸದಾ ಮನೆಯಲ್ಲಿರುತ್ತಾರೆಂದು ನಂಬಿದ್ದಿರಬೇಕು ಎಂದೆ.

ಅಂದು ರಾತ್ರಿ, ಮಡಿಕೇರಿಯಲ್ಲಿ ಬೆಳಗಾಗುವ ಹೊತ್ತಿಗೆ, ಊರಿನಿಂದ ತಂದಿದ್ದ ನಮ್ಮ ಮನೆತನದ ಮದುವೆ ಚಿತ್ರವನ್ನು ಮುಂದಿಟ್ಟುಕೊಂಡು ಅಮ್ಮನಿಗೆ ಕರೆ ಮಾಡಿದೆ. ಪರದೆಯ ಮೇಲೆ ಒಬ್ಬೊಬ್ಬರನ್ನೇ ತೋರಿಸಿದಂತೆ ಅವರು ಹೇಳುತ್ತ ಹೋದರು, ನಾನು ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತ ಹೋದೆ. ಹದಿನಾಲ್ಕು ಹೆಸರುಗಳಾದವು. ಎಡತುದಿಯಲ್ಲಿ ಎರಡು ಜಡೆಯ ಹುಡುಗಿಯ ಬಳಿ ಬಂದಾಗ ಅಮ್ಮ ತಡವರಿಸಿದರು.

"ನಾಲಿಗೆ ತುದೀಲಿದೆ ಕಣೋ. ನಾಳೆ ಹೇಳ್ತೀನಿ."

ಮರುದಿನ ಕೇಳಿದೆ. "ಯಾವ ಹುಡುಗಿ?" ಎಂದರು.