ಅಧ್ಯಕ್ಷರ ಮನೆಯಲ್ಲಿ ತೊಗರಿಬೇಳೆ

ನ್ಯೂಯಾರ್ಕ್ ನಗರದ ಲೆಕ್ಸಿಂಗ್ಟನ್ ಅವೆನ್ಯೂ ಎಂಬ ಬೀದಿಯಲ್ಲಿ 123ನೆಯ ಸಂಖ್ಯೆಯ ಹಳೆಯ ಕಟ್ಟಡವೊಂದಿದೆ. ಅದರ ಬಾಗಿಲನ್ನು ತೆರೆದೊಡನೆ ಜೀರಿಗೆ ಕೊತ್ತಂಬರಿಗಳ ಪರಿಮಳ ಎದುರುಗೊಳ್ಳುತ್ತದೆ. ಒಳಗೆ ತೊಗರಿಬೇಳೆಯುಂಟು, ಹುಣಿಸೆಹಣ್ಣುಂಟು, ಸಾಸಿವೆ, ಇಂಗು, ಒಣಮೆಣಸಿನಕಾಯಿಗಳುಂಟು. ಒಂದು ಹೊತ್ತಿನ ಸಾರಿಗೆ ಬೇಕಾದುದೆಲ್ಲವೂ ಅಲ್ಲಿ ದೊರೆಯುತ್ತದೆ. ಕಡಲಾಚೆ ಸಂಸಾರ ಹೂಡಿದ ಗೃಹಿಣಿಗೆ ತವರುಮನೆಯ ಉಗ್ರಾಣವೇ ಅಲ್ಲಿಗೆ ಬಂದು ಕುಳಿತಂತೆ ತೋರಿದರೆ ಆಶ್ಚರ್ಯವಿಲ್ಲ.

ಅಂಗಡಿಯ ಹೆಸರು ಕಲುಸ್ಟಿಯನ್ಸ್. ಹೆಸರು ನಮ್ಮದಲ್ಲ, ಸ್ಥಾಪಿಸಿದವರೂ ನಮ್ಮವರಲ್ಲ. 1944ರಲ್ಲಿ ಇದನ್ನು ತೆರೆದ ಕೆರೋಪ್ ಕಲುಸ್ಟಿಯನ್ ಅವರು ತುರ್ಕಿಯಿಂದ ಬಂದ ಆರ್ಮೇನಿಯನ್ನರು. ಆ ಸುತ್ತಿನಲ್ಲಿ ಅವರ ಜನವೇ ಅಂದು ನೆಲೆಸಿತ್ತು. ಹುಟ್ಟಿದ ನೆಲವನ್ನು ಕಳೆದುಕೊಂಡು ದಿಕ್ಕುದಿಕ್ಕಿಗೆ ಚದುರಿದ್ದ ಆ ಜನಕ್ಕೆ ತಮ್ಮ ಸೀಮೆಯ ತಿನಿಸಿನ ರುಚಿಯನ್ನು ಉಣಿಸಲೆಂದೇ ಅಂಗಡಿ ಮೊದಲಾಯಿತು.

ಆಗ ಆ ನಗರದಲ್ಲಿ ಭಾರತೀಯರು ವಿರಳ. ಅದಕ್ಕೆ ಕಾರಣವುಂಟು. 1917ರ ಕಾನೂನು ಏಷ್ಯದ ಬಹುಭಾಗದ ಜನಕ್ಕೆ ಅಮೆರಿಕದ ಬಾಗಿಲನ್ನು ಮುಚ್ಚಿತ್ತು. 1946ರಲ್ಲಿ ಅದು ತುಸು ತೆರೆಯಿತೆಂದರೂ, ನೆಲೆಸಲು ಬರುವ ಭಾರತೀಯರಿಗೆ ದೊರೆತುದು ವರ್ಷಕ್ಕೆ ಸುಮಾರು 100 ಜನರ ಅನುಮತಿ ಮಾತ್ರ.

ವಿಧಿಯ ವಿನೋದವನ್ನು ನೋಡಿ. ಈ ಅಂಗಡಿಯಿರುವ ಮನೆಯೇ ಒಂದು ಕಾಲಕ್ಕೆ ಚೆಸ್ಟರ್ ಆರ್ಥರ್ ಅವರ ನಿವಾಸ. ಗುಂಡೇಟಿಗೆ ಗುರಿಯಾಗಿದ್ದ ಅಧ್ಯಕ್ಷ ಗಾರ್ಫೀಲ್ಡ್ 1881ರ ಸೆಪ್ಟೆಂಬರ್ 19ರಂದು ತೀರಿಕೊಂಡರು. ಆ ರಾತ್ರಿ ಕಳೆಯುವ ಮುನ್ನವೇ, 20ರ ನಸುಕಿನ ಜಾವದಲ್ಲಿ, ಉಪಾಧ್ಯಕ್ಷ ಆರ್ಥರ್ ಇದೇ ಮನೆಯಲ್ಲಿ ಅಧ್ಯಕ್ಷಪದವಿಯ ಪ್ರಮಾಣವಚನ ಸ್ವೀಕರಿಸಿದರು. ಮರುವರ್ಷ ಚೀನೀ ಕೂಲಿಕಾರರು ದೇಶದೊಳಗೆ ಕಾಲಿಡದಂತೆ ತಡೆದ ಕಾನೂನಿಗೆ ಅವರ ಅಂಕಿತ ಬಿದ್ದಿತು. ನಿಷೇಧದ ಅವಧಿ ಇಪ್ಪತ್ತು ವರ್ಷವಿದ್ದ ಮೊದಲ ಮಸೂದೆಯನ್ನು ಅವರು ತಿರಸ್ಕರಿಸಿದ್ದರು. ಹತ್ತು ವರ್ಷಕ್ಕಿಳಿದಾಗ ಒಪ್ಪಿದರು. ಏಷ್ಯದವರನ್ನು ಹೊರಗಿಡುವ ಹಾದಿ ಅಲ್ಲಿಂದ ಅಗಲವಾಗುತ್ತ ಹೋಯಿತು.

1965ರಲ್ಲಿ ಎರಡು ಸಂಗತಿಗಳು ಕೂಡಿಬಂದವು. ಜನವರಿಯಲ್ಲಿ ಸರ್ಕಾರವು ಆರ್ಥರ್ ಮನೆಯನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಮಾನ್ಯ ಮಾಡಿತು. ಅಕ್ಟೋಬರಿನಲ್ಲಿ ಅಧ್ಯಕ್ಷ ಜಾನ್ಸನ್ ಅವರು ದೇಶವಾರು ಹಂಚಿಕೆಯ ಹಳೆಯ ಪದ್ಧತಿಯನ್ನು ರದ್ದುಗೊಳಿಸುವ ಕಾನೂನಿಗೆ ಸಹಿ ಹಾಕಿದರು. ಆ ಬಳಿಕ ಭಾರತದಿಂದ ವೈದ್ಯರು, ಇಂಜಿನಿಯರುಗಳು ಸಂಸಾರಸಮೇತ ಬಂದರು. ಬೇಳೆಯನ್ನರಸುತ್ತ ಆರ್ಮೇನಿಯನ್ನರ ಈ ಅಂಗಡಿಗೂ ಬಂದರು. ಗಿರಾಕಿಯನ್ನು ಕಂಡು ಅಂಗಡಿಯೂ ಸರಕನ್ನು ಹೆಚ್ಚಿಸಿಕೊಂಡಿತು. ಕ್ರಮೇಣ ಸುತ್ತಮುತ್ತ ಭಾರತೀಯರ ಅಂಗಡಿ ಹೋಟೆಲುಗಳೂ ತಲೆಯೆತ್ತಿದವು. ಮರ್ರೆ ಹಿಲ್ ಬಡಾವಣೆಯ ಅಂಚಿನ ಆ ಬೀದಿಗಳನ್ನು ಜನ ವಿನೋದಕ್ಕೆ 'ಕರಿ ಹಿಲ್' ಎಂದು ಕರೆಯತೊಡಗಿದರು.

1988ರಲ್ಲಿ ಅಂಗಡಿ ಬಾಂಗ್ಲಾದೇಶ ಮೂಲದ ಬಂಧುಗಳಿಬ್ಬರ ಕೈಗೆ ಬಂದಿತು. ಅವರು ಹಳೆಯ ಹೆಸರನ್ನು ಅಳಿಸಲಿಲ್ಲ. ಮೊದಲು ಮನೆ ಬಿಟ್ಟು ಬಂದವನು ಹೊತ್ತಿಸಿದ ಒಲೆ, ಅನಂತರ ಬಂದವರಿಗೂ ಅನ್ನ ಬೇಯಿಸಿತು. ಏಷ್ಯದವರಿಗೆ ಬಾಗಿಲು ಹಾಕಿದ ಅಧ್ಯಕ್ಷರ ಮನೆಯಲ್ಲಿ ಇಂದು ಏಷ್ಯದವರೇ ಗಲ್ಲದ ಮುಂದೆ ಕುಳಿತಿದ್ದಾರೆ. ಬಂದವರಿಗೆಲ್ಲ ಬೇಳೆ ಅಳೆದು ಕೊಡುತ್ತಿದ್ದಾರೆ.